ಜೀಪಿನ ಹೊಟ್ಟೆಗೊಂದು ಗಟ್ಟಿ ಮುಚ್ಚಳ

ಕಲ್ಲು ತಾಗಿದ ಸದ್ದು ಡಾಕ್ಟರಮ್ಮನಿಗೆ ಕೇಳಿಸಿತ್ತು. ಆದರೆ ಆ ದಾರಿಯಲ್ಲಿ ಕಲ್ಲು ತಾಗದ ದಿನವೇ ಇಲ್ಲವಾದ್ದರಿಂದ ಅವಳು ಜೀಪು ನಿಲ್ಲಿಸಲಿಲ್ಲ. ಗುಡ್ಡದ ಮೇಲಿನ ಕೊಟ್ಟಿಗೆಯಲ್ಲಿ ಒಂದು ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಬೆಳಿಗ್ಗೆ ಫೋನು ಬಂದಿತ್ತು. ಕರುವಿನ ಕಾಲು ಮಡಚಿಕೊಂಡಿದ್ದರೆ ಹೇಗೆ, ತಲೆ ಹಿಂದಕ್ಕೆ ತಿರುಗಿದ್ದರೆ ಹೇಗೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಅವಳು ಗೇರು ಬದಲಿಸಿದಳು. ಎರಡು ತಿರುವು ದಾಟುವಷ್ಟರಲ್ಲಿ ಹಿಂದಿನಿಂದ ಯಾರೋ ಬೀಸುಕಲ್ಲಿನಲ್ಲಿ ಜಲ್ಲಿ ಬೀಸಿದ ಹಾಗೆ ಕರಕರ ಸದ್ದು. ಸುಟ್ಟ ಎಣ್ಣೆಯ ವಾಸನೆ. ಇಳಿದು ನೋಡಿದರೆ ತಾನು ಬಂದ ದಾರಿಯುದ್ದಕ್ಕೂ ಕಪ್ಪು ಗೆರೆ ಎಳೆದಿತ್ತು.

ಚೀಲ ಹೆಗಲಿಗೇರಿಸಿ ಉಳಿದ ದಾರಿಯನ್ನು ನಡೆದಳು, ನಡುನಡುವೆ ಓಡಿದಳು. ಹಸು ಉಳಿಯಿತು. ಕರು ಉಳಿಯಲಿಲ್ಲ. ಇನ್ನೂ ಬಿಸಿಯಾಗಿಯೇ ಇದ್ದ ಅದನ್ನು ಗೋಣಿಯ ಮೇಲೆ ಮಲಗಿಸಿ, ಕೈ ತೊಳೆಯಲು ನೀರು ಕೇಳಿದಾಗ ಹಸುವಿನ ಒಡತಿ ತಂಬಿಗೆ ಹಿಡಿದು ಬಂದಳು. ಬೈಯಲಿಲ್ಲ. "ಪಾಪ, ನಡ್ಕೊಂಡು ಬಂದ್ರಾ?" ಎಂದಷ್ಟೇ ಕೇಳಿದಳು. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಡಾಕ್ಟರಮ್ಮನಿಗೆ.

ಟ್ರ್ಯಾಕ್ಟರಿಗೆ ಕಟ್ಟಿ ಜೀಪನ್ನು ಗ್ಯಾರೇಜಿಗೆ ಎಳೆಸಿದರು. ಗ್ಯಾರೇಜಿನ ಮೇಸ್ತ್ರಿ ಅಡಿಗೆ ತೂರಿ, ಕೈಯಲ್ಲೊಂದು ನಜ್ಜುಗುಜ್ಜಾದ ತಗಡು ಹಿಡಿದು ಹೊರಬಂದ. ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿ ಗಾತ್ರದ ಒಂದು ಉಂಡೆ ನೇತಾಡುತ್ತದಲ್ಲ, ಎಂಜಿನ್ನಿನ ಎಳೆತವನ್ನು ಎರಡೂ ಚಕ್ರಗಳಿಗೆ ಹಂಚುವ ಹಲ್ಲುಚಕ್ರಗಳು ಅದರೊಳಗೆ ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ಅದರ ಬೆನ್ನಿಗೆ ಬೋಲ್ಟು ಬಿಗಿದು ಕೂರಿಸಿದ ಬೋಗುಣಿಯಂಥ ಮುಚ್ಚಳ ಅದು. ಡಿಫರೆನ್ಷಿಯಲ್ ಕವರು. ಕಲ್ಲು ಅದರ ಕೆಳಗಿನ ಅಂಚನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದಿತ್ತು.

"ಒಳಗಿಂದೆಲ್ಲ ಹೊಸದು ಹಾಕಿಕೊಡ್ತೀನಿ, ಅದು ನನ್ನ ಕೆಲಸ. ಆದ್ರೆ ಇದೇ ತಗಡು ಮತ್ತೆ ಹಾಕಿದ್ರೆ ಮತ್ತೆ ಇದೇ ಕಥೆ. ದಪ್ಪಂದು, ಗಟ್ಟಿ ಕವರು ಬರ್ತಾವೆ. ಯಾವುದು ಅಂತ ನೀವೇ ನೋಡಿ ತಂದುಕೊಡಿ," ಎಂದ ಮೇಸ್ತ್ರಿ.

ನೀವೇ ಎಂದಾಗ ಅವನು ನೋಡಿದ್ದು ಡಾಕ್ಟರಮ್ಮನನ್ನಲ್ಲ. ಅವಳ ಆಚೀಚೆ ನಿಂತಿದ್ದ ಇಬ್ಬರು ಗಂಡಸರನ್ನು.

ಒಬ್ಬರು ಅವಳ ಅಪ್ಪ. ಬಸ್ ಡಿಪೋದಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಜೀಪು ಮೊದಲು ಅವರದೇ ಆಗಿತ್ತು. ಮಗಳಿಗೆ ಕೊಟ್ಟಾಗಿತ್ತು, ಆದರೆ ಕೊಟ್ಟದ್ದು ಬರೀ ಸ್ಟಿಯರಿಂಗು. ಉಳಿದದ್ದರ ಯಜಮಾನಿಕೆ ಇನ್ನೂ ತಮ್ಮದೇ ಎಂಬಂತೆ ಇದ್ದರು. ಇನ್ನೊಬ್ಬ ಅವಳ ಗಂಡ, ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಗಾಜು ಉಜ್ಜುವಾಗ ಕೂದಲೆಳೆಯ ವ್ಯತ್ಯಾಸವನ್ನೂ ಬಿಡದ ಮನುಷ್ಯ. ಮದುವೆಯಾದಂದಿನಿಂದ ಮಾವನಿಗೆ ತಾನೂ ಯಂತ್ರ ಬಲ್ಲವನೆಂದು ತೋರಿಸಲು ಒಂದು ಅವಕಾಶಕ್ಕಾಗಿ ಕಾದಿದ್ದ. ಅದು ಈಗ ಸಿಕ್ಕಿತ್ತು.

ಅಂದಿನ ಊಟದ ಹೊತ್ತಿಗೇ ಶುರುವಾಯಿತು.

"ಕವರಿಂದಲ್ಲ ತಪ್ಪು," ಎಂದರು ಅಪ್ಪ, ತುತ್ತು ಕಲಸುತ್ತ. "ಕಲ್ಲು ಕಂಡ್ರೆ ಅದನ್ನ ಗಾಡಿ ನಡುವೆ ಬಿಡಬಾರದು ಕಣಮ್ಮ. ಚಕ್ರ ಅದರ ಮೇಲೆ ಹತ್ತಿಸ್ಬೇಕು. ಆಗ ಹೊಟ್ಟೆ ಮೇಲೆದ್ದು ಪಾರಾಗುತ್ತೆ. ನಾನು ಎಷ್ಟು ಸಲ ಹೇಳಿಲ್ಲ?"

"ಹತ್ತಿಸೋಕೆ ಅಲ್ಲಿ ಜಾಗ ಇಲ್ಲ ಅಪ್ಪ."

"ಜಾಗ ಮಾಡ್ಕೋಬೇಕು."

"ಮಾವ, ಅದು ಬಿಡಿ, ಇಲ್ಲಿ ನೋಡಿ," ಎಂದು ಗಂಡ ಫೋನನ್ನು ಸಾರಿನ ಪಾತ್ರೆಗೆ ಒರಗಿಸಿ ನಿಲ್ಲಿಸಿದ. "ಅಲ್ಯೂಮಿನಿಯಂ. ಹಿಂದೆ ಈ ಪಟ್ಟಿ ಪಟ್ಟಿ ಕಾಣ್ತಾ ಇದೆಯಲ್ಲ, ಅದು ಶಾಖ ಹೊರಗೆ ಹಾಕೋದಕ್ಕೆ. ಎಣ್ಣೆಯೂ ಜಾಸ್ತಿ ಹಿಡಿಯುತ್ತೆ. ಎಣ್ಣೆ ತಣ್ಣಗಿದ್ರೆ ಬೇರಿಂಗು ಬಾಳಿಕೆ ಬರುತ್ತೆ."

"ಅಳಿಯಂದ್ರೇ, ಅದು ಕವರೋ ರೇಡಿಯೇಟರೋ?"

"ಮಾವ, ಕಾಲ ಬದಲಾಗಿದೆ."

"ಕಲ್ಲು ಬದಲಾಗಿಲ್ಲವಲ್ಲ!"

ಡಾಕ್ಟರಮ್ಮ ಬಾಯಿ ತೆರೆದಳು. "ನನಗೆ ಶಾಖದ್ದಲ್ಲ ಚಿಂತೆ, ಕೆಳಗಿನ ಅಂಚು..." ಎನ್ನುವಷ್ಟರಲ್ಲಿ ಅಪ್ಪ ಎರಕದ ಕಬ್ಬಿಣದ ಗುಣಗಾನಕ್ಕೆ ತೊಡಗಿದ್ದರು, ಗಂಡ ಅದರ ತೂಕವನ್ನು ಹುಡುಕುತ್ತಿದ್ದ. ಅವಳು ತಟ್ಟೆ ಎತ್ತಿಕೊಂಡು ಎದ್ದುಹೋದಳು. ಅದನ್ನು ಇಬ್ಬರೂ ಗಮನಿಸಲಿಲ್ಲ.

ಒಳಗಿನ ಹಲ್ಲುಚಕ್ರಗಳ ಕೆಲಸ ಮುಗಿದರೂ ಕವರು ನಿಶ್ಚಯವಾಗಲಿಲ್ಲ. ಬೆನ್ನು ತೆರೆದ ಜೀಪು ಗ್ಯಾರೇಜಿನ ಮೂಲೆಯಲ್ಲಿ, ಹೊಟ್ಟೆಗೊಂದು ಗೋಣಿಪಟ್ಟೆ ಸುತ್ತಿಕೊಂಡು ನಿಂತಿತ್ತು. ಡಾಕ್ಟರಮ್ಮ ಬಸ್ಸು ಹಿಡಿದು, ಯಾರದೋ ಸ್ಕೂಟರಿನ ಹಿಂದೆ ಕೂತು, ಹಾಲಿನ ವ್ಯಾನಿನವನಿಗೆ ಗೋಗರೆದು ಕೆಲಸ ಮಾಡಿದಳು. ಗುಡ್ಡದ ಕರೆಗಳಿಗೆಲ್ಲ "ಜೀಪು ರಿಪೇರೀಲಿದೆ" ಎಂದು ಹೇಳಿ ಹೇಳಿ ನಾಲಿಗೆ ದಡ್ಡುಗಟ್ಟಿತು. ಒಂದು ಕರೆಯನ್ನು ಪಕ್ಕದ ಊರಿನ ಡಾಕ್ಟರಿಗೆ ದಾಟಿಸಬೇಕಾಯಿತು. ಅವರು ಗುಡ್ಡ ಹತ್ತುವವರಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಕರೆದವರಿಗೂ ಗೊತ್ತಿತ್ತು.

ಮನೆಗೆ ಬಂದರೆ ಅಡುಗೆಮನೆಯ ಮೇಜಿನ ಮೇಲೆ ಅಳತೆಪಟ್ಟಿ, ವರ್ನಿಯರ್, ಜಜ್ಜಿಹೋದ ಹಳೆಯ ಕವರು. ಗಂಡ ಅದರ ದಪ್ಪ ಅಳೆದು ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಗೀಚುತ್ತಿದ್ದ. ಅಪ್ಪ ಡಿಪೋದ ಹಳೆಯ ಗೆಳೆಯರಿಗೆ ಫೋನು ಮಾಡಿ ಮಾಡಿ ಗಂಟಲು ಕೆಡಿಸಿಕೊಂಡಿದ್ದರು. ಬೆಂಡೆಕಾಯಿ ಹೆಚ್ಚಲು ಜಾಗವಿಲ್ಲದೆ ಅವಳು ಕಿಟಕಿಯ ಕಟ್ಟೆಯ ಮೇಲೆ ಹಲಗೆ ಇಟ್ಟು ಹೆಚ್ಚಿದಳು.

"ರೀ, ಎಷ್ಟು ದಿನ ಅಂತ ಹೀಗೆ? ಯಾವುದೋ ಒಂದು ತಂದು ಹಾಕ್ಸಿ."

"ಯಾವುದೋ ಒಂದು ಅಂತ ಆಗಲ್ಲ. ತಪ್ಪು ಆರಿಸಿದ್ರೆ ಕಷ್ಟ ನಿನಗೇ ತಾನೇ?"

ಹಲಗೆಯ ಮೇಲೆ ಚಾಕು ಜೋರಾಗಿ ಬಿತ್ತು.

ಮೊದಲು ಬಂದದ್ದು ಗಂಡನ ಅಲ್ಯೂಮಿನಿಯಂ ಕವರು. ಕೆಂಪು ಬಣ್ಣ, ಹೊಳಪು, ಹಿಂದೆ ಬಾಚಣಿಗೆಯಂಥ ಪಟ್ಟಿಗಳು. ಅವನು ಅದನ್ನು ಪೆಟ್ಟಿಗೆಯಿಂದ ತೆಗೆದ ರೀತಿ ನೋಡಿದರೆ ತೊಟ್ಟಿಲಿನಿಂದ ಮಗು ಎತ್ತಿದ ಹಾಗಿತ್ತು. ಮೇಸ್ತ್ರಿ ಕೂರಿಸಿದ. ಬೋಲ್ಟುಗಳೆಲ್ಲ ಸರಿಯಾಗಿ ಹೊಂದಿದವು. ಅಪ್ಪ ಸುತ್ತಲೂ ಒಂದು ಸುತ್ತು ಬಂದು, ಬಗ್ಗಿ ನೋಡಿ, "ಮದುವಣಗಿತ್ತಿ ಹಾಗೆ ಕಾಣ್ತಿದೆ," ಎಂದಷ್ಟೇ ಹೇಳಿ ಬೀಡಿ ಹಚ್ಚಿದರು.

ಡಾಕ್ಟರಮ್ಮ ಹಿಂದಿನ ಸೀಟಿನಲ್ಲಿ ಔಷಧಿಯ ಪೆಟ್ಟಿಗೆ, ಕರು ಎಳೆಯುವ ಸರಪಳಿ, ನೀರಿನ ಕ್ಯಾನು ಎಲ್ಲ ಹೇರಿಕೊಂಡು ಹೊರಟಳು. ಊರಾಚೆಯ ಮೊದಲ ಉಬ್ಬಿಗೇ ಹಿಂದಿನಿಂದ 'ಠಣ್' ಎಂದಿತು. ಎರಡನೆಯ ಉಬ್ಬಿಗೂ ಠಣ್. ಆಮೇಲೆ ಉಬ್ಬಿರಲಿ, ಚಿಕ್ಕ ಗುಂಡಿಗೂ ದೇವಸ್ಥಾನದ ಗಂಟೆಯಂತೆ ಬಾರಿಸತೊಡಗಿತು. ಎಣ್ಣೆ ಹೆಚ್ಚು ಹಿಡಿಯಲೆಂದು ಉಬ್ಬಿಸಿದ ಕವರು, ಭಾರ ಬಿದ್ದು ಜೀಪು ಕುಗ್ಗಿದಾಗಲೆಲ್ಲ ಹಿಂದಿನ ಡೀಸೆಲ್ ಟ್ಯಾಂಕಿಗೆ ಹೋಗಿ ಗುದ್ದುತ್ತಿತ್ತು. ಗಂಡ ಎಲ್ಲವನ್ನೂ ಅಳೆದಿದ್ದ, ಖಾಲಿ ಜೀಪಿನಲ್ಲಿ.

ಅವಳು ಅರ್ಧದಿಂದಲೇ ತಿರುಗಿಸಿಕೊಂಡು ಬಂದಳು. ಗಂಡನ ಮುಖ ಸಣ್ಣದಾಯಿತು. "ಟ್ಯಾಂಕನ್ನೇ ಸ್ವಲ್ಪ ಹಿಂದಕ್ಕೆ ಸರಿಸಿದ್ರೆ..." ಎಂದ.

"ಮನೇನೂ ಸ್ವಲ್ಪ ಹಿಂದಕ್ಕೆ ಸರಿಸೋಣ ಅಳಿಯಂದ್ರೇ," ಎಂದರು ಅಪ್ಪ.

ಮರುದಿನವೇ ಅಪ್ಪ ಸ್ನೇಹಿತನ ಆಟೋದಲ್ಲಿ ಎರಕದ ಕಬ್ಬಿಣದ ಕವರೊಂದನ್ನು ತಂದಿಳಿಸಿದರು. ಹಳೆಯ ಸಾಮಾನಿನ ರಾಶಿಯಲ್ಲಿ ಸಿಕ್ಕ, ಯಾವುದೋ ದೊಡ್ಡ ಗಾಡಿಯದು. ಎರಡು ಕೈಯಲ್ಲಿ ಎತ್ತಿದರೂ ತೋಳು ಜಗ್ಗುವ ತೂಕ. ತುಕ್ಕು ಉಜ್ಜಿ, ಕಪ್ಪು ಬಳಿದು, ಅವರೇ ಅಡಿ ತೂರಿ ಕೂರಿಸಿದರು. ಮೇಸ್ತ್ರಿಗೆ ಮುಟ್ಟಲೂ ಬಿಡಲಿಲ್ಲ. ತೂತುಗಳು ಒಂದಕ್ಕೊಂದು ಸರಿಹೊಂದಿದಾಗ ಅಡಿಯಿಂದಲೇ ಅವರ ನಗು ಕೇಳಿಸಿತು. ಎಣ್ಣೆ ಹಾಕುವ ತೂತಿನಿಂದ ಎಣ್ಣೆ ತುಳುಕುವವರೆಗೆ ತುಂಬಿ, ಬಿರಡೆ ಬಿಗಿದು, ಕೈ ಒರೆಸಿಕೊಂಡು ಎದ್ದರು.

"ಹೋಗು ಮಗಳೇ. ಇನ್ನು ಕಲ್ಲಿಗೇ ಭಯ."

ಆ ವಾರ ಜೀಪು ಸದ್ದಿಲ್ಲದೆ ಓಡಿತು. ಡಾಕ್ಟರಮ್ಮನ ತಲೆಯ ಭಾರ ಇಳಿಯಿತು. ಗುಡ್ಡದ ಕರೆಗಳಿಗೆ ಮತ್ತೆ "ಬರ್ತೀನಿ" ಎನ್ನತೊಡಗಿದಳು. ಹೀಗಿರುವಾಗ ಒಂದು ಮಧ್ಯಾಹ್ನ ಹಾಲಿನ ಡೇರಿಯ ಎದುರಿನ ಇಳಿಜಾರಿನಲ್ಲಿ ಬ್ರೇಕು ತುಳಿದಳು. ಜೀಪು ನಿಲ್ಲಲಿಲ್ಲ. ಮತ್ತೆ ತುಳಿದಳು. ಮುಂದಿನ ಚಕ್ರಗಳು ಕಚ್ಚಿದವು, ಹಿಂದಿನವು ಬೆಣ್ಣೆಯ ಮೇಲಿದ್ದಂತೆ ಜಾರಿದವು. ಹಿಂಭಾಗ ಅಡ್ಡಡ್ಡ ತಿರುಗಿ, ಕ್ಯಾನು ಹಿಡಿದು ಸಾಲು ನಿಂತಿದ್ದವರು ಚೆಲ್ಲಾಪಿಲ್ಲಿಯಾಗಿ, ಜೀಪು ರಸ್ತೆಬದಿಯ ಮರಳಿನ ಗುಡ್ಡೆಗೆ ಮೂತಿ ತೂರಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. 

ಮೇಸ್ತ್ರಿ ಜೀಪನ್ನು ಗ್ಯಾರೇಜಿಗೆ ಎಳೆಸಿ ಹಿಂದಿನ ಚಕ್ರ ಬಿಚ್ಚಿದ. ಬ್ರೇಕಿನೊಳಗೆಲ್ಲ ಎಣ್ಣೆ. ದೊಡ್ಡ ಗಾಡಿಯ ಆ ಕವರಿನಲ್ಲಿ ಎಣ್ಣೆಯ ತೂತು ಮೇಲುಗಡೆ ಇತ್ತು. ತೂತಿನ ಮಟ್ಟಕ್ಕೆ ತುಂಬಿದ್ದರಿಂದ ಈ ಜೀಪಿಗೆ ಎಣ್ಣೆ ವಿಪರೀತವಾಗಿ, ಹೆಚ್ಚಿದ್ದೆಲ್ಲ ಆಕ್ಸಲ್ಲಿನ ಗುಂಟ ಹರಿದು ಬ್ರೇಕಿಗೆ ಇಳಿದಿತ್ತು.

ಅಪ್ಪ ಕೈಯಲ್ಲಿದ್ದ ಬೀಡಿಯನ್ನು ಹಚ್ಚದೆ ಹಾಗೇ ಹಿಡಿದು ನಿಂತಿದ್ದರು. ಡಿಪೋದಲ್ಲಿ ಬ್ರೇಕಿನ ವಿಭಾಗ ಅವರದೇ ಆಗಿತ್ತು.

"ಮಾವ, ಆ ತೂತಿನ ಎತ್ತರ ನಾನು ಅಳೀತೀನಿ ಅಂದಿದ್ದೆ..." ಎಂದು ಗಂಡ ಆರಂಭಿಸಿದ.

"ಸಾಕು!"

ಗ್ಯಾರೇಜಿನಲ್ಲಿ ಸುತ್ತಿಗೆ ಬಡಿಯುತ್ತಿದ್ದವರೂ ಕೈ ತಡೆದರು. ಡಾಕ್ಟರಮ್ಮ ದನ ಒದ್ದರೂ ದನಿ ಎತ್ತಿದವಳಲ್ಲ.

"ಸಾಕು ಅಂದೆ. ನೀವು ಅಳೆದಿದ್ದು ಸಾಕು, ಅಪ್ಪಾ ನೀನು ಬಲ್ಲೆ ಅಂದಿದ್ದೂ ಸಾಕು. ಗಾಡಿ ಓಡಿಸೋಳು ನಾನು. ಕಲ್ಲು ಎಲ್ಲಿ ಹೊಡೀತು, ಹೇಗೆ ಹೊಡೀತು, ನಿನಗೇನು ಬೇಕು ಅಂತ ಇಬ್ಬರಲ್ಲಿ ಒಬ್ಬರಾದ್ರೂ ಒಂದು ಸಲ ಕೇಳಿದ್ರಾ? ನಿಮ್ಮಿಬ್ಬರಲ್ಲಿ ಯಾರು ಜಾಣ ಅಂತ ತೀರ್ಮಾನ ಮಾಡೋಕೆ ನನ್ನ ಜೀಪೇ ಸಿಕ್ಕಿತಾ?"

"ನಿನಗೋಸ್ಕರಾನೇ ತಾನೇ..." ಎಂದ ಗಂಡ.

"ನನಗೋಸ್ಕರ ಏನೂ ಮಾಡಬೇಡಿ. ನಾಳೆ ಬೆಳಿಗ್ಗೆ ನನ್ನ ಜೊತೆ ಬನ್ನಿ, ಅಷ್ಟೇ. ಇಬ್ಬರೂ. ಬಸ್ಸಲ್ಲಿ."

ಬಸ್ಸು ಗುಡ್ಡದ ಬುಡದಲ್ಲಿ ಅವರನ್ನು ಇಳಿಸಿ ಹೋಯಿತು. ಅಲ್ಲಿಂದ ನಡಿಗೆ. ಡಾಕ್ಟರಮ್ಮ ಮುಂದೆ, ಹಿಂದೆ ಅಂಗಡಿಗೆ ಹಾಕುವ ಹೊಳಪಿನ ಬೂಟಿನಲ್ಲಿ ಗಂಡ, ಎಲ್ಲರಿಗಿಂತ ಹಿಂದೆ ಮಂಡಿ ಹಿಡಿದುಕೊಂಡು ಅಪ್ಪ. ಅವಳು ಯಾರಿಗಾಗಿಯೂ ನಿಲ್ಲಲಿಲ್ಲ. ಕೋಪ ಇನ್ನೂ ನೆತ್ತಿಯಿಂದ ಇಳಿದಿರಲಿಲ್ಲ. ದಾರಿ ಮೊದಲು ಕೆಮ್ಮಣ್ಣಿನದು, ಆಮೇಲೆ ಜಲ್ಲಿ, ಆಮೇಲೆ ದಾರಿ ಎನ್ನುವ ಹೆಸರು ಮಾತ್ರ. ಅಲ್ಲಲ್ಲಿ ಕಲ್ಲುಗಳ ನೆತ್ತಿಯ ಮೇಲೆ ಹೊಳೆಯುವ ಗೀರುಗಳಿದ್ದವು.

"ಇವೆಲ್ಲ ನಮ್ಮ ಜೀಪಿಂದೇನಾ?" ಎಂದು ಗಂಡ ಏದುಸಿರು ಬಿಡುತ್ತ ಕೇಳಿದ.

"ಮತ್ತೆ ಇಲ್ಲಿ ಇನ್ಯಾರ ಗಾಡಿ ಬರುತ್ತೆ?"

ಆ ಕಲ್ಲು ಒಂದು ತಿರುವಿನಲ್ಲಿತ್ತು. ಬಲಗಡೆ ಗುಡ್ಡವನ್ನು ಕಡಿದ ಗೋಡೆ, ಎಡಗಡೆ ಕೊರಕಲು. ನಡುವೆ ಜೀಪು ಮಾತ್ರ ಹಿಡಿಸುವ ಜಾಗ. ಆ ನಡುವಿನ ನಡುವೆ, ನೆಲದಿಂದ ಮೊಳಕೆಯೊಡೆದಂತೆ ಬಂಡೆಯೊಂದರ ತುದಿ. ಅದಕ್ಕೆ ಮೆತ್ತಿದ್ದ ಎಣ್ಣೆ ಒಣಗಿ ಕಪ್ಪಾಗಿತ್ತು.

ಅಪ್ಪ ತಡವಾಗಿ ಬಂದರು. ಬಂಡೆಯನ್ನು ನೋಡಿದರು. ಬಲಕ್ಕೆ ಹೋಗಿ ಗೋಡೆಗೆ ಕೈಯಿಟ್ಟರು, ಎಡಕ್ಕೆ ಹೋಗಿ ಕೊರಕಲಿನೊಳಗೆ ಇಣುಕಿದರು. ಚಕ್ರ ಹತ್ತಿಸಲು ಎಲ್ಲೂ ದಾರಿಯಿರಲಿಲ್ಲ. ಒಂದು ಕಡೆ ಸರಿದರೆ ಕನ್ನಡಿ ಹೋಗುತ್ತಿತ್ತು, ಇನ್ನೊಂದು ಕಡೆ ಸರಿದರೆ ಜೀಪೇ ಹೋಗುತ್ತಿತ್ತು.

"ಇದರ ಮೇಲೇ ಹೋಗ್ತೀಯ ನೀನು?" ಎಂದು ಕೇಳಿದರು.

"ಇನ್ನೆಲ್ಲಿ ಹೋಗ್ಲಿ ಅಪ್ಪ?"

"ಒಬ್ಬಳೇ?"

ಅಪ್ಪ ಮೆಲ್ಲಗೆ ಆ ಬಂಡೆಯ ಮೇಲೇ ಕೂತು ಮಂಡಿ ನೀವಿಕೊಂಡರು. ಗಂಡ ತನ್ನ ಶುಭ್ರ ಪ್ಯಾಂಟಿನ ಪರಿವೆಯಿಲ್ಲದೆ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಬಂಡೆಯ ಗೀರುಗಳನ್ನು ಬೆರಳಿನಿಂದ ಸವರುತ್ತಿದ್ದ. "ಹಿಂದಿನಿಂದ ಹೊಡೆದಿದ್ದಲ್ಲ ಇದು. ಕೆಳಗಿಂದ, ಅಂಚಿಗೆ ಸಿಕ್ಕಿ ಎಬ್ಬಿದೆ. ಮೊದಲು ಬೋಲ್ಟಿನ ತಲೆ ಹಿಡ್ಕೊಂಡಿದೆ," ಎಂದ.

"ಅಂಚು ಅಂತ ಮೊದಲ ದಿನಾನೇ ಹೇಳೋಕೆ ಬಂದೆ," ಎಂದಳು ಡಾಕ್ಟರಮ್ಮ. "ಸಾರಿನ ಪಾತ್ರೆಗೆ ನೀವು ಫೋನು ಒರಗಿಸಿದ್ದಿರಿ."

ಗಂಡ ಎದ್ದು ಕೂತ.

ಇಳಿಯುವಾಗ ಇಬ್ಬರೂ ಮತ್ತೆ ಮಾತಿಗಿಳಿದರು. ಅಂಚು ದಪ್ಪವಿರಬೇಕು ಎಂದ ಗಂಡ. ಬೋಲ್ಟು ಗುಳಿಯೊಳಗೆ ಕೂರಬೇಕು ಎಂದರು ಅಪ್ಪ. ಅದಕ್ಕೊಂದು ಉಕ್ಕಿನ ಪಟ್ಟಿ ಬೆಸುಗೆ ಹಾಕಿಸಿದರೆ ಹೇಗೆ ಎಂದ ಇವನು. ಬೆಸುಗೆಯ ಶಾಖಕ್ಕೆ ಕವರು ಸೊಟ್ಟಗಾಗುತ್ತೆ ಎಂದರು ಅವರು. ದನಿ ಏರತೊಡಗಿತು. ಮುಂದೆ ಹೋಗುತ್ತಿದ್ದ ಡಾಕ್ಟರಮ್ಮ ತಿರುಗಿ ನೋಡಿದಳು, ಅಷ್ಟೇ. ಇಬ್ಬರ ಬಾಯಿಗೂ ಬೀಗ ಬಿತ್ತು.

ಮರುದಿನ ಅವಳು ಯಾರಿಗೂ ಹೇಳದೆ ಪೇಟೆಯ ಬಿಡಿಭಾಗಗಳ ಅಂಗಡಿಗೆ ಹೋದಳು. ಗ್ಯಾರೇಜಿನಲ್ಲಿ ತಾನೇ ಜೀಪಿನಡಿ ಮಲಗಿ, ಹಲ್ಲುಚಕ್ರಗಳಿರುವ ಆ ಉಂಡೆಯ, ಅಂದರೆ ಹೌಸಿಂಗಿನ, ಬಾಯಿಯ ಆಕಾರವನ್ನು ರಟ್ಟಿನ ಮೇಲೆ ಬರೆದು ಕತ್ತರಿಸಿ, ತೂತುಗಳನ್ನು ಚುಚ್ಚಿಕೊಂಡು ಹೋಗಿದ್ದಳು. ಔಷಧಿ ಪೆಟ್ಟಿಗೆಯನ್ನೆಲ್ಲ ಹೇರಿ, ಟ್ಯಾಂಕಿಗೂ ಹೌಸಿಂಗಿಗೂ ನಡುವಿನ ಜಾಗಕ್ಕೆ ತನ್ನ ಅಂಗೈ ತೂರಿಸಿ ನೋಡಿದ್ದಳು. ಹಸುವಿನ ಹೊಟ್ಟೆಯೊಳಗೆ ಕಣ್ಣಿಗೆ ಕಾಣದ್ದನ್ನು ಕೈಯಲ್ಲೇ ಅಳೆಯುವವಳಿಗೆ ಇದು ಕಷ್ಟವೇನಲ್ಲ.

ಅಂಗಡಿಯವನು ಕೌಂಟರಿನ ಮೇಲೆ ಮೊದಲು ಇಟ್ಟದ್ದು ಕೆಂಪು ಅಲ್ಯೂಮಿನಿಯಂ ಕವರನ್ನೇ. ಅವಳು ಅದನ್ನು ಮುಟ್ಟಲಿಲ್ಲ.

"ಎರಕದ್ದು ತೋರಿಸಿ. ಪೆಡಸಾದ ಬೀಡುಕಬ್ಬಿಣದ್ದಲ್ಲ, ಹೊಡೆದ್ರೆ ಸೀಳು ಬಿಡಬಾರದು. ಕೆಳಗಿನ ಅಂಚು ದಪ್ಪ ಇರಬೇಕು. ಬೋಲ್ಟಿನ ತಲೆ ಹೊರಗೆ ಕಾಣಬಾರದು."

"ಮೇಡಂ, ಇದೆಲ್ಲ ಟೆಕ್ನಿಕಲ್ ವಿಷಯ. ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ, ಅವರಿಗೆ ವಿವರಿಸಿ ಹೇಳ್ತೀನಿ."

"ಇಬ್ಬರಿದ್ದಾರೆ. ಅವರಿಂದ ತಪ್ಪಿಸ್ಕೊಂಡೇ ಇಲ್ಲಿಗೆ ಬಂದಿದೀನಿ. ತೆಗೀರಿ."

ಅವನು ಒಂದು ತೆಗೆದ. ತೂತು ಹೊಂದಲಿಲ್ಲ. ಇನ್ನೊಂದು ಹೊಂದಿತು, ಆದರೆ ಹಿಂದಕ್ಕೆ ಉಬ್ಬಿತ್ತು. ಮತ್ತೊಂದಕ್ಕೆ ಎಣ್ಣೆಯ ತೂತು ನೆತ್ತಿಯಲ್ಲಿತ್ತು. ಅವಳು ಪ್ರತಿಯೊಂದಕ್ಕೂ ರಟ್ಟು ಇಟ್ಟು, ಅಂಗೈ ಇಟ್ಟು, ತಲೆಯಾಡಿಸಿ ಪಕ್ಕಕ್ಕೆ ಸರಿಸಿದಳು. ಅಂಗಡಿಯವನು ನಿಟ್ಟುಸಿರು ಬಿಟ್ಟ. ಅವಳಿಗೂ ಸಾಕುಸಾಕಾಗಿತ್ತು. ಒಂದು ಮುಚ್ಚಳ. ಬರೀ ಒಂದು ಮುಚ್ಚಳಕ್ಕಾಗಿ ಇಷ್ಟು ದಿನ, ಇಷ್ಟು ಜಗಳ, ಮರಳಿನ ಗುಡ್ಡೆ. ಎಲ್ಲವನ್ನೂ ಅಲ್ಲೇ ಎಸೆದು ಮನೆಗೆ ಹೋಗಿ ಮಲಗಿಬಿಡಬೇಕೆನಿಸಿತು. ಕಣ್ಣಲ್ಲಿ ನೀರೂ ಬಂತು. ಧೂಳೆಂಬಂತೆ ಒರೆಸಿಕೊಂಡು, "ಒಳಗಡೆ ಇನ್ನೂ ಇರಬೇಕಲ್ಲ?" ಎಂದಳು.

ಒಳಗಿನ ಕೋಣೆಯ ಕೆಳಗಿನ ಹಲಗೆಯ ಮೇಲೆ ಅದು ಸಿಕ್ಕಿತು. ಬಣ್ಣವಿಲ್ಲ, ಹೊಳಪಿಲ್ಲ, ಬೂದಿ ಬಳಿದಂಥ ಕಬ್ಬಿಣ. ಚಪ್ಪಟೆ ಬೆನ್ನು. ಕೆಳಗಿನ ಅಂಚು ಎರಡು ಬೆರಳು ದಪ್ಪ, ಕಲ್ಲು ಜಾರಿ ಹೋಗುವಂತೆ ಓರೆಯಾಗಿತ್ತು. ಬೋಲ್ಟುಗಳಿಗೆಲ್ಲ ಗುಳಿ. ಎಣ್ಣೆಯ ತೂತು ಹಳೆಯ ತಗಡಿನಲ್ಲಿ ಎಲ್ಲಿತ್ತೋ ಅಲ್ಲೇ. ರಟ್ಟು ಇಟ್ಟಳು. ಹೊಂದಿತು.

ಮೇಸ್ತ್ರಿ ಕೂರಿಸುವಾಗ ಅಪ್ಪ ಬಂದರು, ಗಂಡ ಬಂದ. ಯಾರೂ ಅಡಿಗೆ ತೂರಲಿಲ್ಲ. ಅಪ್ಪ ಒಂದು ಸಲ "ಬಿರಡೆ..." ಎಂದರು, ಮಗಳ ಮುಖ ನೋಡಿ, "ಏನಿಲ್ಲ," ಎಂದರು.

ಮಳೆ ಹಿಡಿಯುವ ಮೊದಲು ಒಂದು ಬೆಳಿಗ್ಗೆ ಗುಡ್ಡದ ಬೇರೆ ಮಗ್ಗುಲಿನಿಂದ ಕರೆ ಬಂತು. ಚೊಚ್ಚಲ ಎಮ್ಮೆ, ಬೆಳಗಿನ ಜಾವದಿಂದ ನರಳುತ್ತಿದೆ. ದಾರಿಯಲ್ಲಿ ಹಳ್ಳ ದಾಟಿ ಏರುವಾಗ ಜೀಪಿನ ಹೊಟ್ಟೆಗೆ ಕಲ್ಲು ಬಡಿಯಿತು. ಈ ಸಲ ನಿಲ್ಲಿಸಿ, ಇಳಿದು, ಮಂಡಿಯೂರಿ ನೋಡಿದಳು. ಕಬ್ಬಿಣದ ಮೇಲೆ ಉಗುರಿನಿಂದ ಕೆರೆದಷ್ಟು ಗೀರು. ಒಂದು ಹನಿ ಎಣ್ಣೆಯೂ ಇಲ್ಲ. ಮತ್ತೆ ಹತ್ತಿ ಹೊರಟಳು.

ಕರುವಿನ ತಲೆ ಪಕ್ಕಕ್ಕೆ ಹೊರಳಿತ್ತು. ಭುಜದವರೆಗೆ ಕೈ ಹಾಕಿ, ನೆಲದ ಮೇಲೆ ಅಡ್ಡಬಿದ್ದು, ಎಮ್ಮೆ ತಿಣುಕಿದಾಗಲೆಲ್ಲ ತೋಳು ಮುರಿಯುವಂತಾದರೂ ಬಿಡದೆ, ಮೂತಿ ಹಿಡಿದು ಮೆಲ್ಲಮೆಲ್ಲನೆ ತಿರುಗಿಸಿದಳು. ಜಾರಿ ಹೊರಬಿದ್ದ ಕರು ಮೊದಲು ಉಸಿರಾಡಲಿಲ್ಲ. ಹುಲ್ಲಿನಿಂದ ಮೂಗು ಕೆಣಕಿದಳು, ಪಕ್ಕೆ ಉಜ್ಜಿದಳು. ಅದು ಸೀನಿತು.

ಮನೆಗೆ ಬಂದಾಗ ಇಬ್ಬರೂ ಗೇಟಿನಲ್ಲೇ ನಿಂತಿದ್ದರು.

"ಕವರು ಹೇಗಿದೆ?" ಎಂದರು ಅಪ್ಪ.

ಅವಳು ಜೀಪಿನ ಬಾಗಿಲು ದಢಾರನೆ ಹಾಕಿದಳು. ಅಪ್ಪ ಆಗಲೇ ಟಾರ್ಚು ಹಿಡಿದು ಹಿಂದಕ್ಕೆ ಹೋಗಿ ಬಗ್ಗಿದ್ದರು. ಗಂಡನೂ ಒಂದು ಹೆಜ್ಜೆ ಅತ್ತ ಇಟ್ಟವನು ನಿಂತ. ಅವಳ ತೋಳಿನ ಮೇಲೆ ಒಣಗಿದ ರಕ್ತ, ಕೂದಲಲ್ಲಿ ಹುಲ್ಲು.

"ಎಮ್ಮೆ?" ಎಂದ.

"ಹೆಣ್ಣು ಕರು," ಎಂದಳು. ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದಳು, ಆದರೆ ಅವನು ಜೀಪಿನತ್ತ ಹೋಗದೆ ಅಲ್ಲೇ ನಿಂತಿದ್ದ. "ತಲೆ ಹಿಂಗೆ ತಿರುಗಿತ್ತು, ನೋಡಿ," ಎಂದು ಅವಳು ತನ್ನ ಕುತ್ತಿಗೆಯನ್ನೇ ಹೊರಳಿಸಿ ತೋರಿಸಿದಳು. ಅವನು ನಲ್ಲಿ ತಿರುಗಿಸಿ ಬಕೆಟ್ಟಿಗೆ ನೀರು ಬಿಟ್ಟ. ಅವಳು ತೋಳು ತೊಳೆದುಕೊಳ್ಳುತ್ತ, ಇನ್ನೂ ಅರ್ಧ ಸಿಟ್ಟಿನಲ್ಲೇ, ಎಲ್ಲವನ್ನೂ ಮೊದಲಿನಿಂದ ಹೇಳತೊಡಗಿದಳು.